ಗಿರಣಿ ಚಾಚಾನ ಧಬ್ ಧಬ್

ಹೋದ ವಾರ ನಮ್ಮ ಪಕ್ಕದ ಹಿಟ್ಟಿನ ಗಿರಣಿಯ ಮೋಟಾರನ್ನು ಟ್ರ್ಯಾಕ್ಟರಿಗೆ ಹೇರಿದರು. ಯಾವಗಲ್ ಊರಿನ ಕಡೆಯವರು ಯಾರೋ ಕೊಂಡರಂತೆ. ಅರ್ಧ ಊರು ಹಗ್ಗ ಹಾಕಿ ಎಳೆದರೂ ಅದು ಬಹಳ ಹೊತ್ತು ಜಪ್ಪಯ್ಯ ಅನ್ನಲಿಲ್ಲ. ಮಾರಿದ ಎಮ್ಮೆ ಬಾಗಿಲಲ್ಲಿ ಕಾಲೂರಿ ನಿಂತ ಹಾಗೆ ನಿಂತುಬಿಟ್ಟಿತು. ಓಣಿಯವರೆಲ್ಲ ನೋಡಲು ಬಂದಿದ್ದರು. ನಾನು ಮಾತ್ರ ಮನೆಯ ಕಿಟಕಿಯಿಂದಲೇ ನೋಡಿದೆ. ಹೆದರಿಕೆಯಿಂದಲ್ಲ. ನನಗೆ ಹೆದರಿಕೆ ಎಂಬುದೇ ಇಲ್ಲವೆಂದು ಇಡೀ ಗಜೇಂದ್ರಗಡಕ್ಕೆ ಗೊತ್ತು; ಎಲ್ಲರಿಗೂ ನಾನೇ ಹೇಳಿದ್ದೇನೆ.

ಆ ಮಾತಿಗೆ ಒಂದೇ ಒಂದು ವಿನಾಯಿತಿ ಇತ್ತು. ಅದು ಆ ಮೋಟಾರಿನ ಯಜಮಾನರು. ನಾವು ಅವರನ್ನು ಗಿರಣಿ ಚಾಚಾ ಎನ್ನುತ್ತಿದ್ದೆವು.

ಚಾಚಾ ಎಷ್ಟು ಎತ್ತರವಿದ್ದರೆಂದರೆ, ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಅವರನ್ನು ನೋಡಿ ಕುತ್ತಿಗೆ ತಿರುಗಿಸುತ್ತಿದ್ದವು. ತಲೆಯಿಂದ ಕಾಲಿನವರೆಗೆ ಹಿಟ್ಟು. ಹುಬ್ಬಿನ ಮೇಲೆ ಹಿಟ್ಟು, ರೆಪ್ಪೆಯ ಮೇಲೆ ಹಿಟ್ಟು, ನಡುವೆ ಎರಡು ಕೆಂಪು ಕಣ್ಣು. ಚಿಕ್ಕವನಿದ್ದಾಗ ನಾನು ಅವರನ್ನು ಮನುಷ್ಯರೆಂದು ನಂಬಿರಲಿಲ್ಲ. ರಂಜಾನ್ ಹಬ್ಬಕ್ಕೆ ಸ್ನಾನ ಮಾಡಿ, ಅತ್ತರು ಹಚ್ಚಿಕೊಂಡು, ಶಾವಿಗೆ ಪಾಯಸದಂಥ ಸುರಕುಂಬಾದ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದಾಗ ಗುರುತೇ ಸಿಗದೆ "ಯಾರ್ ಬೇಕ್ರಿ?" ಎಂದು ಕೇಳಿದ್ದೆ. ಅವರು ಬಾಯಿ ತೆರೆದು "ನಿಮ್ಮವ್ವನ್ನ ಕರಿ!" ಎಂದ ಕೂಡಲೇ ಗುರುತು ಸಿಕ್ಕಿತು. ಡಬ್ಬಿ ಅವರ ಕೈಯಲ್ಲೇ ಬಿಟ್ಟು ಅಡುಗೆಮನೆಗೆ ಓಡಿದೆ.

ಜೀವನವಿಡೀ ಗಿರಣಿಯ ಸದ್ದಿನಲ್ಲೇ ಕಳೆದು ಕಿವಿ ಮಂದವಾಗಿತ್ತು, ಹಾಗಾಗಿ ಮಾತಾಡಿದರೆ ಗುಡುಗು. ಅವರು ಪ್ರೀತಿಯಿಂದ "ಊಟ ಆತೇನ?" ಎಂದು ಕೇಳಿದರೆ ನಮ್ಮ ಓಣಿಯ ನಾಯಿ ಮುಂದಿನ ಓಣಿಗೆ ಮನೆ ಬದಲಿಸುತ್ತಿತ್ತು.

ಇನ್ನು ಆ ಬೆರಳು. ಬಲಗೈಯ ತೋರುಬೆರಳು ಅರ್ಧಕ್ಕೇ ನಿಂತಿತ್ತು. ಉಳಿದರ್ಧ ಯಾರ ಮನೆಯ ಹಿಟ್ಟಿನಲ್ಲಿ ಹೋಯಿತು ಎಂಬುದು ನಮ್ಮ ಓಣಿಯ ಮಕ್ಕಳ ದೊಡ್ಡ ಪ್ರಶ್ನೆ. ಉಗುರು ನಮ್ಮ ರೊಟ್ಟಿಯಲ್ಲಿ ಬಂದಿತ್ತು ಎಂದು ನಾನು ಸಣ್ಣ ಮಕ್ಕಳಿಗೆ ಹೇಳಿದ್ದರಿಂದ, ನಮ್ಮ ಮನೆಯಲ್ಲಿ ಊಟಕ್ಕೆ ಕರೆದರೂ ಒಬ್ಬರೂ ಬರುತ್ತಿರಲಿಲ್ಲ.

ಗಿರಣಿಯಲ್ಲಿ ಅವರದೊಂದು ಪದ್ಧತಿ ಇತ್ತು. ಮೋಟಾರು ಚಾಲೂ ಮಾಡುವ ಮುಂಚೆ, ಕಾಳು ಸುರಿಯುವ ತಗಡಿನ ಡಬ್ಬಕ್ಕೆ ಬಡಿಗೆಯಿಂದ ಧಬ್ ಧಬ್ ಎಂದು ಬಡಿದು ಗುಡುಗುತ್ತಿದ್ದರು: "ಸೆರಗ! ಟಾವೆಲ್! ಹೆರಳ!" ಹೆಂಗಸರು ಸೆರಗು ಸಿಗಿಸಿಕೊಳ್ಳಬೇಕು, ಗಂಡಸರು ಟವೆಲ್ ಸುತ್ತಿಕೊಳ್ಳಬೇಕು, ಹುಡುಗಿಯರು ಜಡೆ ಮುಂದಕ್ಕೆ ಹಾಕಿಕೊಳ್ಳಬೇಕು. ಎಲ್ಲರದೂ ಆದ ಮೇಲೆಯೇ ಕೈ ಸ್ವಿಚ್ಚಿಗೆ ಹೋಗುತ್ತಿತ್ತು. ಆಮೇಲೆ ಆ ಉದ್ದನೆಯ ಬೆಲ್ಟು ಹಾವಿನ ಹಾಗೆ ಮೈಮುರಿದು ಓಡತೊಡಗಿದರೆ, ಅದರ ಹತ್ತಿರ ಹೋದ ಮಕ್ಕಳಿಗೆ ಬಡಿಗೆ ಹಾರಿ ಬರುತ್ತಿತ್ತು. ಒಮ್ಮೆ ನನ್ನ ಚೆಂಡು ಬೆಲ್ಟಿನ ಕೆಳಗೆ ಉರುಳಿಹೋಯಿತು. ಇವತ್ತಿಗೂ ನಾನದನ್ನು ವಾಪಸ್ ಕೇಳಿಲ್ಲ.

ಇಂಥವರು ನನ್ನ ಕಂಪ್ಯೂಟರಿನ ವಿಷಯದಲ್ಲಿ ಬಾಯಿ ಹಾಕುತ್ತಾರೆಂದು ನಾನು ಕನಸಿನಲ್ಲೂ ನೆನೆಸಿರಲಿಲ್ಲ.

ನನಗೆ ಗೇಮಿಂಗ್ ಕಂಪ್ಯೂಟರ್ ಬೇಕಾಗಿತ್ತು. ಬೇಕಾಗಿತ್ತು ಎಂದರೆ ಉಸಿರಾಡಲು ಗಾಳಿ ಬೇಕಾಗುವ ಹಾಗೆ. ನರಗುಂದದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಹುಬ್ಬಳ್ಳಿಯಿಂದ ಜೋಡಿಸಿಟ್ಟದ್ದನ್ನೇ ತಂದಿದ್ದ. ಗಾಜಿನ ಪೆಟ್ಟಿಗೆ, ಒಳಗೆ ಏಳು ಬಣ್ಣದ ಲೈಟು. ಗಣಪತಿ ಮಂಟಪವನ್ನು ಟೇಬಲ್ಲಿನ ಮೇಲಿಟ್ಟ ಹಾಗಿತ್ತು. ದಿನಾ ವಿಡಿಯೋ ಕಾಲ್ ಮಾಡಿ "ನೋಡ್ಲೇ, ಇವತ್ತ ನೀಲಿ ಲೈಟ್ ಹಚ್ಚೇನಿ" ಎಂದು ಹೊಟ್ಟೆ ಉರಿಸುತ್ತಿದ್ದ. ನಮ್ಮಪ್ಪ ರೋಣ ಡಿಪೋದಲ್ಲಿ ಬಸ್ ಕಂಡಕ್ಟರ್. ಅವರ ಬಜೆಟ್ಟಿನಲ್ಲಿ ಆ ಮಂಟಪದ ಲೈಟಷ್ಟೇ ಬರುತ್ತಿತ್ತು, ಗಣಪತಿ ಬರುತ್ತಿರಲಿಲ್ಲ.

ಆದರೂ ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನಮ್ಮ ದುಡ್ಡಿಗೆ ಹೊಂದುವ ಒಂದು ರೆಡಿ ಪೆಟ್ಟಿಗೆ ಇತ್ತು. ಅಪ್ಪ ಅದಕ್ಕೆ ಮನಸ್ಸು ಮಾಡಿದ್ದರು. ಆ ಭಾನುವಾರ ಅಪ್ಪ, ನಾನು ಇಬ್ಬರೂ ಜೋಳದ ಡಬ್ಬಿ ಇಟ್ಟುಕೊಂಡು ಗಿರಣಿಯಲ್ಲಿ ಸರದಿಗೆ ಕೂತಿದ್ದೆವು. ನಮ್ಮ ಮುಂದಿನವರದು ಮೆಣಸಿನಕಾಯಿ. ಖಾರ ಬೀಸಿದ ಕೂಡಲೇ ತಮ್ಮ ಕಾಳು ಬೀಸುವುದು ಬೇಡವೆಂದು ಸರದಿಯಲ್ಲಿದ್ದವರೆಲ್ಲ "ನೀವ್ ಹೋಗ್ರಿ, ನೀವ್ ಹೋಗ್ರಿ" ಎಂದು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಿದ್ದರು. ಆ ಹೊತ್ತಿನಲ್ಲೇ ಅಪ್ಪ ಕಂಪ್ಯೂಟರಿನ ಸುದ್ದಿ ತೆಗೆದರು.

ಚಾಚಾ ಬಡಿಗೆ ಕೆಳಗಿಟ್ಟರು. "ಕಂಡಕ್ಟರ್ ಸಾಹೇಬ್ರ, ಆ ಪೆಟಿಗಿ ಒಳಗ ಏನೈತಿ ಅಂತ ನೋಡೀರೇನ?"

"ಮ್ಯಾಲೆ ಬರದಾರಲ್ರಿ."

"ಹಿಟ್ಟಿನ ಪಾಕೀಟಿನ ಮ್ಯಾಲೂ ಬರದಿರ್ತಾರ. ಮತ್ಯಾಕ ಡಬ್ಬಿ ಹೊತ್ಕೊಂಡ ಇಲ್ಲಿ ಬಂದ್ ಕುಂತೀರಿ? ಕಣ್ಣ ಮುಂದ ಬೀಸಿದ್ದ ಬೇಕಂತನ ಹೌದಿಲ್ಲೊ? ಒಮ್ಮಿ ಬಿಚ್ಚಿ ತೋರಸ್ರಿ ಅನ್ರಿ ಅವಂಗ."

ಅಪ್ಪ ಅಲ್ಲಿಂದಲೇ ಫೋನ್ ಹಚ್ಚಿದರು. ಅಂಗಡಿಯವನು ಸೀಲ್ ಒಡೆಯಲು ಬರುವುದಿಲ್ಲ, ವಾರಂಟಿ ಹೋಗುತ್ತದೆ ಎಂದ. ವಿದ್ಯುತ್ ಕೊಡುವ ಪವರ್ ಸಪ್ಲೈ ಯಾವುದು ಹಾಕಿದ್ದೀರಿ ಎಂದು ನಾನು ಅಪ್ಪನ ಬಾಯಿಂದ ಕೇಳಿಸಿದ್ದಕ್ಕೆ, "ಚಲೋದ ಹಾಕೇವ್ರಿ" ಎಂದಷ್ಟೇ ಉತ್ತರ ಬಂತು. ಅಪ್ಪ ಫೋನಿಟ್ಟು ನನ್ನ ಕಡೆ ತಿರುಗಿದರು.

"ಬಿಡಿ ಸಾಮಾನ ತರಿಸಿದ್ರ ನೀ ಜೋಡಸ್ತಿಯೇನಲೇ?"

ಸರದಿಯಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾನು ಹೆದರದ ಗಂಡಲ್ಲವೇ? "ಕಣ್ ಮುಚ್ಕೊಂಡ ಜೋಡಸ್ತೀನಿ" ಎಂದುಬಿಟ್ಟೆ. ಅಲ್ಲಿಯವರೆಗೆ ನಾನು ಬಿಚ್ಚಿ ಜೋಡಿಸಿದ್ದು ಟಾರ್ಚ್ ಒಂದೇ. ಅದೂ ಆಮೇಲೆ ಹತ್ತಲಿಲ್ಲ.

"ಕಣ್ ತಕ್ಕೊಂಡ ಜೋಡಸ್" ಎಂದರು ಚಾಚಾ.

ಅಪ್ಪ ಕರಾರು ಹಾಕಿದರು. "ನೋಡ, ಟಿಕೀಟ ಹರದ ಮ್ಯಾಲೆ ವಾಪಸ್ ಇಲ್ಲ. ಇದು ಸರಿಯಾಗಿ ನಡೀಲಿಲ್ಲ ಅಂದ್ರ ಎಲ್ಲಾ ನರಗುಂದದಾಂವಗ ಕೊಟ್ಬಿಡ್ತೀನಿ. ಆಮ್ಯಾಲೆ ಮನ್ಯಾಗ ಕಂಪ್ಯೂಟರ್ ಅನ್ನೂ ಹೆಸರ ತಗೀಬ್ಯಾಡ."

ಬಿಡಿ ಸಾಮಾನು ಆರಿಸುವುದೆಂದರೆ ಮದುವೆಯ ಜವಳಿ ತೆಗೆದ ಹಾಗೆ: ಸೀರೆ ಚಲೋದಾದರೆ ಧೋತರಕ್ಕೆ ದುಡ್ಡಿಲ್ಲ. ಆಟ ಓಡಿಸುವುದೇ ಗ್ರಾಫಿಕ್ಸ್ ಕಾರ್ಡ್, ಆದ್ದರಿಂದ ಅದರಲ್ಲಿ ನಾನು ರಾಜಿಯಾಗಲಿಲ್ಲ. ಪವರ್ ಸಪ್ಲೈ ಹೆಸರಿರುವ ಕಂಪನಿಯದೇ ತೆಗೆದುಕೊಂಡೆ. ಬಣ್ಣದ ಲೈಟಿಗೆ ಕೈಮುಗಿದೆ. ಕೊನೆಗೆ ಬಜೆಟ್ ಮೀರಿದಾಗ ಒಂದು ಸಾಮಾನು ಬಿಡಬೇಕಾಯಿತು. ಕರೆಂಟು ಹೋದಾಗ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಹಿಡಿದಿಡುವ ಯುಪಿಎಸ್ ಬಿಟ್ಟೆ. ಕರೆಂಟು ಹೋದರೆ ಆಟ ನಿಲ್ಲುತ್ತದೆ, ಅಷ್ಟೇ ತಾನೇ? ಪ್ರಪಂಚದ ಬೇರೆ ಯಾವ ಹುಡುಗ ಬಿಟ್ಟಿದ್ದರೂ ನಡೆಯುತ್ತಿತ್ತು. ಗಿರಣಿಯ ಗೋಡೆಗೆ ಗೋಡೆ ಹಚ್ಚಿ ಬದುಕುವವನು ಬಿಡಬಾರದಾಗಿತ್ತು.

ಜೋಡಿಸಿದ ದಿನದ ಹೆದರಿಕೆಯನ್ನು ಏನೆಂದು ಹೇಳಲಿ? ಪ್ರೊಸೆಸರನ್ನು ಅದರ ಗೂಡಿನಲ್ಲಿಟ್ಟು ಕಬ್ಬಿಣದ ಕೊಕ್ಕೆ ಒತ್ತಬೇಕು. ಒತ್ತಿದಾಗ ಕರ್ ಎಂದು ಸದ್ದು ಬರುತ್ತದೆ, ಹೆದರಬೇಡಿ ಎಂದು ಫೋನಿನಲ್ಲಿ ನೋಡಿ ಕಲಿತ ವಿಡಿಯೋದವನು ಹೇಳಿದ್ದ. ಸದ್ದು ಬಂತು. ನನ್ನ ಅಂಗಿ ಎಷ್ಟು ಒದ್ದೆಯಾಯಿತೆಂದರೆ ಅವ್ವ ಅದನ್ನು ಹಿಂಡಿ ತುಳಸಿಗೆ ಹಾಕಬಹುದಾಗಿತ್ತು. ಸಂಜೆ ಬಟನ್ ಒತ್ತಿದೆ. ಫ್ಯಾನು ತಿರುಗಿತು, ಪರದೆ ಬೆಳಗಿತು. ಅವ್ವ ಕುಂಕುಮ ಹಚ್ಚಿದಳು. ಅಪ್ಪ "ಹ್ಞೂಂ" ಎಂದರು. ಡಿಪೋದವರ ಭಾಷೆಯಲ್ಲಿ ಅದು ಚಪ್ಪಾಳೆ.

ಮರುದಿನದಿಂದ ಅದು ತಾನೇ ತಾನಾಗಿ ಬಂದ್ ಆಗತೊಡಗಿತು.

ಆಟದ ನಡುವೆ ಫಟ್ ಎಂದು ಕತ್ತಲೆ. ಮತ್ತೆ ಹಚ್ಚಿದರೆ ಹತ್ತುತ್ತದೆ, ಇನ್ನೊಂದು ಸ್ವಲ್ಪ ಹೊತ್ತಿಗೆ ಫಟ್. ನಾನು ಪ್ರತಿಯೊಂದು ವಾಯರ್ ಕಿತ್ತು ಹಾಕಿದೆ. ಅವ್ವ ದೃಷ್ಟಿಯಾಗಿದೆ ಎಂದು ಉಪ್ಪು, ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಮನೆಮಂದಿಯೆಲ್ಲ ಕೆಮ್ಮಿದೆವು, ಕಂಪ್ಯೂಟರ್ ಮತ್ತೆ ಬಂದ್ ಆಯಿತು. ಅಪ್ಪ ಏನೂ ಬೈಯಲಿಲ್ಲ. ಅದೇ ಭಯ. ಸುಮ್ಮನೆ ನರಗುಂದಕ್ಕೆ ಫೋನ್ ಮಾಡಿ, "ಮುಂದಿನ ಐತವಾರ ಬಾರಪಾ, ಒಂದಿಷ್ಟ ಸಾಮಾನ ಅದಾವ" ಎಂದರು. ದೊಡ್ಡಪ್ಪನ ಮಗ ನನಗೆ ನಗುವ ಮುಖದ ಚಿತ್ರ ಕಳಿಸಿದ.

ಶುಕ್ರವಾರ ಸಾಲೆಗೆ ರಜೆ ಇತ್ತು. ಮಧ್ಯಾಹ್ನ ಸಾಯುವ ಕೋಳಿಗೆ ಕೊನೆಯ ಕಾಳು ಹಾಕುವ ಹಾಗೆ ಆಟ ಹಚ್ಚಿದೆ. ಬಂದ್ ಆಗಲಿಲ್ಲ. ಎಷ್ಟು ಹೊತ್ತು ಆಡಿದರೂ ಆಗಲಿಲ್ಲ. ಖುಷಿಯಲ್ಲಿ ಕುಣಿಯುತ್ತಿದ್ದಾಗ ಗೋಡೆಯಾಚೆ ಚಾಚಾ ನಮಾಜು ಮುಗಿಸಿ ಬಂದು ಶಟರ್ ಎತ್ತಿದ್ದು ಕೇಳಿಸಿತು. ಮೋಟಾರು ಗುರ್ ಎಂದಿತು. ತಲೆಯ ಮೇಲಿನ ಬಲ್ಬು ಕಣ್ಣು ಮಿಟುಕಿಸಿತು. ಫಟ್.

ಹುಟ್ಟಿದಾಗಿನಿಂದ ಆ ಬಲ್ಬು ಹಾಗೆ ಮಿಟುಕಿಸುವುದನ್ನು ನೋಡಿದ್ದೇನೆ. ನಮ್ಮ ಮನೆಯಲ್ಲಿ ಅದನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ. ಉಸಿರಾಡುವುದನ್ನು ಯಾರು ಗಮನಿಸುತ್ತಾರೆ? ದೊಡ್ಡ ಮೋಟಾರು ಏಳುವಾಗ ಓಣಿಯ ಕರೆಂಟನ್ನೆಲ್ಲ ಒಂದು ಗುಟುಕಿಗೆ ಎಳೆಯುತ್ತಿತ್ತು. ಬಲ್ಬು ಸಹಿಸಿಕೊಂಡಿತು, ಕಂಪ್ಯೂಟರ್ ಸಹಿಸಲಿಲ್ಲ.

ರೋಗ ಸಿಕ್ಕಿತು. ಔಷಧಿ ಮಾತ್ರ ಗೋಡೆಯಾಚೆ, ಬಡಿಗೆ ಹಿಡಿದು ಕೂತಿತ್ತು.

"ಅಪ್ಪಾ, ನೀವ ಹೋಗಿ ಹೇಳ್ರಿ" ಎಂದೆ.

"ಕಣ್ ಮುಚ್ಕೊಂಡ ಜೋಡಸಾಂವಾ ನೀನ. ನೀನ ಹೋಗ."

ಹೋದೆ. ಮನೆಯಿಂದ ಗಿರಣಿಗೆ ಇರುವ ದೂರ ಒಂದು ಎಮ್ಮೆಯ ಉದ್ದ. ಆವತ್ತು ನನಗೆ ಹೊಳೆಆಲೂರಿನವರೆಗೆ ನಡೆದ ಹಾಗಾಯಿತು. ಗಿರಣಿ ತುಂಬಾ ಜನ. ಮೋಟಾರು ಓಡುತ್ತಿತ್ತು. ನಾನು ಮೆಲ್ಲಗೆ ಹೇಳಿದೆ.

"ಏನ? ಗಟ್ಟಿ ಹೇಳ!"

"ನಿಮ್ಮ ಮೋಟರ್ ಚಾಲೂ ಆದ್ರ ನನ್ನ ಕಂಪ್ಯೂಟರ್ ಬಂದ್ ಆಗ್ತೈತ್ರೀ!"

ನಾನು ಕಿರುಚುವುದಕ್ಕೂ ಒಬ್ಬರ ಕಾಳು ಮುಗಿದು ಮೋಟಾರು ನಿಲ್ಲುವುದಕ್ಕೂ ಸರಿಹೋಯಿತು. ನನ್ನ ಕೂಗು ಬಸ್ ಸ್ಟ್ಯಾಂಡಿನವರೆಗೆ ಹೋಯಿತು. ಸರದಿಯಲ್ಲಿದ್ದ ಒಬ್ಬ ಅಜ್ಜಿ ಹಣೆ ಬಡಿದುಕೊಂಡಳು. "ಅಯ್ಯ ಇವನ! ನಿನ್ನ ಆಟದ ಸಲುವಾಗಿ ಊರಾನ ಮಂದಿ ರೊಟ್ಟಿ ಬಿಡಬೇಕೇನೋ ಬಾಡ್ಯಾ?" ಎಲ್ಲರೂ ಹೋ ಎಂದು ನಕ್ಕರು.

ಚಾಚಾ ನಗಲಿಲ್ಲ. ಎದ್ದರು. ನನ್ನ ಕಡೆಗೇ ಬಂದರು. ನಾನು ಮನಸ್ಸಿನಲ್ಲೇ ನನ್ನ ಕಂಪ್ಯೂಟರನ್ನು ನರಗುಂದದವನ ಹೆಸರಿಗೆ ಬರೆದುಕೊಟ್ಟು, ಅವ್ವನಿಗೆ ಕೊನೆಯ ನಮಸ್ಕಾರ ಹೇಳಿದೆ. ಅವರು ನನ್ನನ್ನು ದಾಟಿ ಹೋದರು. ಸೀದಾ ನಮ್ಮ ಮನೆಗೆ.

ಕಂಪ್ಯೂಟರಿನ ಮುಂದೆ ಕೂತು ಬದಿಯ ಗಾಜಿನಿಂದ ಒಳಗೆ ಇಣುಕಿದರು. ನಾನು ಬಟನ್ ಒತ್ತಿದೆ, ಫ್ಯಾನು ತಿರುಗತೊಡಗಿತು. ಮುಟ್ಟಲು ಹೋದ ಕೈಯನ್ನು ಸರ್ರನೆ ಹಿಂದಕ್ಕೆ ಎಳೆದುಕೊಂಡರು.

"ಇದು ತಿರಗೂ ಮುಂದ ಒಳಗ ಕೈ ಹಾಕ್ತಿಯೇನ?"

"ಸಣ್ಣ ಫ್ಯಾನ್ ರೀ ಚಾಚಾ. ಏನೂ ಆಗೂದಿಲ್ಲ."

"ಸಣ್ಣದಿದ್ರೇನಾತು? ತಿರಗತೈತಲ್ಲ!"

ಆ ಗುಡುಗಿನಲ್ಲಿ ಒಂದು ನಡುಕ ಇತ್ತು. ಮೊದಲ ಸಲ ಕೇಳಿದೆ. ಇಷ್ಟು ದೊಡ್ಡ ಮನುಷ್ಯ ನನ್ನ ಅಂಗೈಯಗಲದ ಫ್ಯಾನಿಗೆ ಹೆದರಿದ್ದರು. ನನಗೆ ನಗು ಬರಬೇಕಾಗಿತ್ತು. ಬರಲಿಲ್ಲ.

ಅರ್ಧ ಬೆರಳನ್ನು ತಾವೇ ನೋಡಿಕೊಂಡು, ಅವರ ಮಟ್ಟಿಗೆ ಮೆಲ್ಲಗೆ ಎನ್ನುವ ಹಾಗೆ ಹೇಳಿದರು: "ನಿನ್ನಷ್ಟ ಇದ್ದೆ. ನಾ ಬೆಲ್ಟ್ ಕಡೆ ಇದ್ದೆ, ನಮ್ಮ ಅಬ್ಬಾ ಸ್ವಿಚ್ ಕಡೆ ಇದ್ರು. ನಾ ಇರೂದು ಅವ್ರಿಗಿ ಕಾಣಲಿಲ್ಲ, ಅವ್ರು ಹಚ್ಚೂದು ನನಗ ಗೊತ್ತಾಗಲಿಲ್ಲ. ಒಂದ ಮಾತ ಹೇಳಿದ್ರ ಉಳೀತಿತ್ತು. ಅಬ್ಬಾ ಸಾಯೂತನಕ ನನ್ನ ಕೈ ಕಡೆ ನೋಡಲಿಲ್ಲ." ಆಮೇಲೆ ಎದ್ದು ನಮ್ಮ ಗೋಡೆಯನ್ನು ಅಂಗೈಯಿಂದ ತಟ್ಟಿದರು. "ಹಚ್ಚೂಕಿಂತ ಮೊದಲ ಇಲ್ಲಿ ಬಡೀತೀನಿ. ಕೇಳಿದ ಕೂಡ್ಲೇ ನೀ ಬಂದ್ ಮಾಡ್. ಹೇಳದ ಹಚ್ಚೂದಿಲ್ಲ ನಾ."

ಹೀಗೆ ಉಳಿಯಿತು ನನ್ನ ಕಂಪ್ಯೂಟರ್. ಭಾನುವಾರ ನರಗುಂದದವನು ದೊಡ್ಡ ಚೀಲ ಹಿಡಿದು ಬಂದು, ಹೋಳಿಗೆ ತಿಂದು, ಖಾಲಿ ಚೀಲ ಹಿಡಿದು ಹೋದ.

ಅಲ್ಲಿಂದ ನಮ್ಮ ಗೋಡೆಗೆ ನಾಡಿ ಬಂತು. ಧಬ್ ಧಬ್ ಎಂದರೆ ನಾನು ಆಟ ನಿಲ್ಲಿಸಿ ಕಂಪ್ಯೂಟರ್ ಬಂದ್ ಮಾಡುತ್ತಿದ್ದೆ. ಮೋಟಾರು ಎದ್ದು ನಿಂತ ಮೇಲೆ ಮತ್ತೆ ಹಚ್ಚುತ್ತಿದ್ದೆ. ನನ್ನ ಜೊತೆ ಆನ್‌ಲೈನ್ ಆಡುವವರು, "ಏನಲೇ, ಗೆಲ್ಲೂ ಮುಂದ ಓಡ್ ಹೊಕ್ಕೀ?" ಎಂದರೆ, "ನಮ್ಮಲ್ಲಿ ಹಿಟ್ಟಿನ ಪ್ರಾಬ್ಲಮ್ ಐತಿ" ಎನ್ನುತ್ತಿದ್ದೆ. ಯಾರಿಗೂ ಅರ್ಥವಾಗಲಿಲ್ಲ. ಬಹಳ ದೊಡ್ಡ ತಾಂತ್ರಿಕ ತೊಂದರೆ ಇರಬೇಕೆಂದು ಮರ್ಯಾದೆ ಕೊಟ್ಟರು.

ದೀಪಾವಳಿಗೆ ಅಪ್ಪ ಯುಪಿಎಸ್ ತಂದುಕೊಟ್ಟರು. ಈಗ ಮೋಟಾರು ಎದ್ದರೂ ಕಂಪ್ಯೂಟರ್ ಅಲುಗುತ್ತಿರಲಿಲ್ಲ. ಚಾಚಾ ಇನ್ನು ಗೋಡೆ ಬಡಿಯಬೇಕಾಗಿರಲಿಲ್ಲ. ಆದರೆ ಅದನ್ನು ಅವರಿಗೆ ಹೋಗಿ ಹೇಳುವವರು ಯಾರು? ನಾನಂತೂ ಇನ್ನೊಮ್ಮೆ ಆ ಸರದಿಯ ಮುಂದೆ ಕಿರುಚಲು ತಯಾರಿರಲಿಲ್ಲ. ಅವರು ಬಡಿಯುತ್ತಲೇ ಇದ್ದರು, ನಾನು ಆಡುತ್ತಲೇ ಇದ್ದೆ. ಧಬ್ ಧಬ್, ಗುರ್. ಧಬ್ ಧಬ್, ಗುರ್.

ಒಂದು ರಜೆಯ ಮಧ್ಯಾಹ್ನ ಬಿಸಿಲಿಗೆ ಓಣಿಯಲ್ಲಿ ಕಾಗೆಯೂ ಇರಲಿಲ್ಲ. ನರಗುಂದದವನ ತಂಡವನ್ನು ಸೋಲಿಸಲು ನನಗೆ ಇನ್ನೊಂದೇ ಹೊಡೆತ ಬೇಕಾಗಿತ್ತು. ಗೋಡೆಯಲ್ಲಿ ಸದ್ದಾಯಿತು. ಧಬ್. ತಡೆದು, ಮತ್ತೊಂದು, ಮೆಲ್ಲಗೆ. ಆಮೇಲೆ ಗೋಡೆಗುಂಟ ಏನೋ ಜಾರಿದ ಸದ್ದು.

ಗುರ್ ಬರಲಿಲ್ಲ.

ಹೆಡ್‌ಫೋನ್ ತೆಗೆದೆ. ಧಬ್ ಆದ ಮೇಲೆ ಗುರ್ ಬರದೇ ಇದ್ದದ್ದು ಒಂದು ದಿನವೂ ಇಲ್ಲ. ಬೆಲ್ಟು ನೆನಪಾಯಿತು. ಬೆರಳು ನೆನಪಾಯಿತು. ಆಡುತ್ತಿದ್ದ ಆಟ ಹಾಗೇ ಬಿಟ್ಟು ಓಡಿದೆ.

ಗಿರಣಿಯ ಬಾಗಿಲಲ್ಲಿ ಕಾಲು ನಿಂತುಬಿಟ್ಟವು. ಒಳಗೆ ಸರದಿಯಿಲ್ಲ, ಜನವಿಲ್ಲ. ಬೆಲ್ಟಿನ ಆಚೆ, ನಮ್ಮ ಗೋಡೆಗೆ ಒರಗಿ ಚಾಚಾ ಕೆಳಗೆ ಕೂತಿದ್ದರು. ಒಂದು ಕೈ ಎದೆಯ ಮೇಲೆ, ಇನ್ನೊಂದರಲ್ಲಿ ಬಡಿಗೆ. ಮುಖದ ಹಿಟ್ಟಿನ ಮೇಲೆ ಬೆವರು ಗೆರೆ ಕೊರೆದಿತ್ತು. ಅವರನ್ನು ಮುಟ್ಟಬೇಕಾದರೆ ಬೆಲ್ಟಿನ ಪಕ್ಕದಲ್ಲೇ ಹಾಯಬೇಕು. ಹುಟ್ಟಿದಾಗಿನಿಂದ ನಾನು ಹೋಗದ ಜಾಗ.

ಅವರು ನನ್ನ ಕಾಲು ನೋಡಿದರು. ಗುಡುಗು ಎಲ್ಲೋ ಹೋಗಿತ್ತು. ಬರೀ ಉಸಿರಿನಲ್ಲಿ ಹೇಳಿದರು:

"ಹೆದರಬ್ಯಾಡ. ಸ್ವಿಚ್ ಆಫ್ ಐತಿ. ಬಾ."

ಹೋದೆ. ಬೆಲ್ಟಿಗೆ ನನ್ನ ಅಂಗಿ ತಾಗಿತು. ಕೂಗಿದೆ, ಅವ್ವ ಬಂದಳು, ಎದುರು ಮನೆಯ ನೇಕಾರರು ಮಗ್ಗ ಬಿಟ್ಟು ಬಂದರು, ಗೂಡ್ಸ್ ಆಟೋದಲ್ಲಿ ದವಾಖಾನೆಗೆ ಒಯ್ದೆವು. ದಾರಿಯುದ್ದಕ್ಕೂ ಆ ಅರ್ಧ ಬೆರಳಿನ ಕೈ ನನ್ನ ಮಣಿಕಟ್ಟನ್ನು ಹಿಡಿದಿತ್ತು. ಒಮ್ಮೆ ಕಣ್ಣು ತೆರೆದು, "ಬಡದದ್ದ ಕೇಳ್ತ, ಇಲ್ಲೊ?" ಎಂದರು.

"ಕೇಳ್ತ್ರಿ ಚಾಚಾ."

"ಬಂದ್ ಮಾಡಿ ಬಂದಿ?"

ಯುಪಿಎಸ್ಸಿನ ಸುದ್ದಿ ಹೇಳುವ ಜಾಗ ಅದಲ್ಲ. "ಹೂಂರಿ" ಎಂದೆ.

ಅಲ್ಲಿಂದ ಗದಗಿಗೆ ಕಳಿಸಿದರು. ಬದುಕಿ ಬಂದರು. ಹಿಟ್ಟಿನ ಧೂಳು ಕೂಡದೆಂದು ಡಾಕ್ಟರ್ ಹೇಳಿದ್ದರಿಂದ ಮಗಳು ನರೇಗಲ್ಲಿಗೆ ಕರೆದುಕೊಂಡು ಹೋದಳು. ಒಮ್ಮೆ ಅವ್ವನ ಜೊತೆ ನೋಡಲು ಹೋಗಿದ್ದೆ. ಹಿಟ್ಟಿಲ್ಲದ ಚಾಚಾ ಕಪ್ಪಗೆ, ಸಣ್ಣಗೆ, ಯಾರೋ ಬೇರೆಯವರ ಹಾಗಿದ್ದರು. ಫ್ಯಾನಿನ ಕೆಳಗೆ ಮಂಚ ಹಾಕಿದ್ದರೂ ಮೂಲೆಗೆ ಎಳೆಸಿಕೊಂಡಿದ್ದರು. ಈ ಮಳೆಗಾಲದಲ್ಲಿ ಅಲ್ಲೇ ತೀರಿಕೊಂಡರು.

ಈಗ ಗಿರಣಿಯಲ್ಲಿ ಮೋಟಾರೂ ಇಲ್ಲ. ನಮ್ಮ ಬಲ್ಬು ಮಿಟುಕಿಸುವುದಿಲ್ಲ. ಗೆಳೆಯರು ಮನೆಗೆ ಬಂದರೆ ನಾನು ಈ ಕತೆಗೆ ಇನ್ನಷ್ಟು ಖಾರ ಹಚ್ಚಿ ಹೇಳುತ್ತೇನೆ. ಬೆಲ್ಟನ್ನು ಹಾರಿ ದಾಟಿದೆ ಎನ್ನುತ್ತೇನೆ. ನಿನ್ನೆ ಒಬ್ಬ, "ಅಷ್ಟ ಗಂಡಸಿದ್ರ ಈ ಗ್ವಾಡಿ ಒಮ್ಮಿ ಬಡಿ ನೋಡೂಣು" ಎಂದ.

ಎದ್ದೆ. ಮುಷ್ಟಿ ಕಟ್ಟಿ ಗೋಡೆಯವರೆಗೆ ಒಯ್ದೆ. ಆಚೆ ಖಾಲಿ ಕೋಣೆ, ಬೀಗ ಹಾಕಿದೆ, ಅವರ ಮಗಳು ಕೊಟ್ಟುಹೋದ ಕೀಲಿ ನಮ್ಮ ಮನೆಯ ಮೊಳೆಗೇ ನೇತಾಡುತ್ತಿದೆ. ನನಗೆ ಎಲ್ಲ ಗೊತ್ತು.

ಆದರೆ ಆಚೆಯಿಂದ ತಿರುಗಿ ಬಡಿದರೆ?

ಕೈ ಇಳಿಸಿ, ಎಲ್ಲರ ಮುಂದೆ ಕಂಪ್ಯೂಟರ್ ಬಂದ್ ಮಾಡಿದೆ.